ಹ್ಯಾಮ್ ರೇಡಿಯೋಗೆ ಸೆಕೆಂಡ್ ಹ್ಯಾಂಡ್ ಟೆಸ್ಟ್ ಉಪಕರಣ: ಗುಜರಿ ಅಂಗಡಿಯಿಂದ ಅಳತೆಯ ಮೇಜಿನವರೆಗೆ

ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂದು ಒಂದೆರಡು ಕಿಟ್ ಜೋಡಿಸಿದ ಮೇಲೆ ಎಲ್ಲರೂ ಮೊದಲು ಹುಡುಕುವುದು ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್. ನನ್ನ ಪಟ್ಟಿಯಲ್ಲಿ ಅದಕ್ಕೆ ನಾಲ್ಕನೇ ಜಾಗ. ಮೊದಲ ಮೂರು ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್), ವ್ಯಾಟ್ ಮೀಟರ್ ಮತ್ತು ಅಟೆನ್ಯುಯೇಟರ್‌ಗಳು (ಸಿಗ್ನಲನ್ನು ಗೊತ್ತಾದಷ್ಟು ತಗ್ಗಿಸುವ ಸಾಧನ). ಇವಕ್ಕೆ ಪರದೆಯಿಲ್ಲ, ಮಿನುಗುವ ಅಂಕಿಗಳಿಲ್ಲ. ಆದರೆ ಇವಿಲ್ಲದೆ ಬೇರೆ ಯಾವ ಉಪಕರಣವನ್ನೂ ಟ್ರಾನ್ಸ್‌ಮಿಟರ್ ಹತ್ತಿರ ತರುವ ಹಾಗಿಲ್ಲ.

ಕಾರಣ ಸರಳ. ಹಳೇ ಸ್ಪೆಕ್ಟ್ರಮ್ ಅನಲೈಸರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವುದು), ಸಿಗ್ನಲ್ ಜನರೇಟರ್‌ಗಳಲ್ಲಿ ಹೆಚ್ಚಾಗಿ ಸುಟ್ಟಿರುವುದು ಸಿಗ್ನಲ್ ಒಳಗೆ ಹೋಗುವ ಅಥವಾ ಹೊರಗೆ ಬರುವ ಮೊದಲ ಹಂತ. ಯಾರೋ ಒಬ್ಬರು ಅಲ್ಲಿಗೆ ಜಾಸ್ತಿ ಪವರ್ ನುಗ್ಗಿಸಿರುತ್ತಾರೆ. ಪವರ್ ಸಪ್ಲೈ ಕೆಟ್ಟರೆ ಮನೆಯಲ್ಲೇ ಸರಿ ಮಾಡಬಹುದು. ಆ ಮೊದಲ ಹಂತ ಹೋದರೆ ಪೆಟ್ಟಿಗೆಗೆ ಗುಜರಿ ಬೆಲೆ. ಕೊಳ್ಳುವಾಗ ಪರೀಕ್ಷೆ ಮಾಡಬೇಕಾದ್ದು ಅದನ್ನೇ, ಕೊಂಡ ಮೇಲೆ ಕಾಪಾಡಬೇಕಾದ್ದೂ ಅದನ್ನೇ.

ಮೊದಲು ಏನು ಅಳೆಯಬೇಕು ಅಂತ ಬರೆದುಕೊಳ್ಳಿ

ಉಪಕರಣದ ಹೆಸರಲ್ಲ, ಅಳತೆಯ ಹೆಸರು ಬರೆಯಿರಿ. "ನನ್ನ 40 ಮೀಟರ್ ರಿಗ್ (7 ಮೆಗಾಹರ್ಟ್ಸ್ ರೇಡಿಯೋ ಸೆಟ್) ಎಷ್ಟು ವ್ಯಾಟ್ ಕೊಡುತ್ತಿದೆ?" "ಹಾರ್ಮೋನಿಕ್ಸ್ (ಎರಡು, ಮೂರು ಪಟ್ಟು ಫ್ರೀಕ್ವೆನ್ಸಿಯ ಬೇಡದ ಸಿಗ್ನಲ್) ಎಷ್ಟು ಕೆಳಗಿವೆ?" "ರಿಸೀವರ್ ಕಿವುಡಾಗಿದೆಯಾ?" "ಆಂಟೆನಾ ಎಲ್ಲಿ ರೆಸೊನೆನ್ಸ್‌ಗೆ ಬರುತ್ತಿದೆ?"

ಕೊನೆಯ ಪ್ರಶ್ನೆಯೊಂದೇ ನಿಮ್ಮದಾದರೆ ಹಳೇ ಸಾಮಾನಿನ ಗೊಡವೆಯೇ ಬೇಡ. ಆಂಟೆನಾ ಅಳೆಯುವ ಚಿಕ್ಕ ಸಾಧನವಾದ ಹೊಸ ನ್ಯಾನೋವಿಎನ್‌ಎ ಕೊಳ್ಳಿ. ಬಳಸಿದ ಎಂಎಫ್‌ಜೆ-259ಬಿ ಆಂಟೆನಾ ಅನಲೈಸರ್ ಈಗಲೂ ಕೈ ಬದಲಾಗುತ್ತಿರುತ್ತದೆ. ಒಳ್ಳೆಯ ಸಾಧನವೇ. ಆದರೆ ಅದರ ಡಿಟೆಕ್ಟರ್ ಡಯೋಡ್‌ಗಳು ಆಂಟೆನಾದ ಸ್ಟ್ಯಾಟಿಕ್‌ಗೆ ಸುಡುತ್ತವೆ, ಒಳಗಿನ ಹತ್ತು ಎಎ ಸೆಲ್‌ಗಳು ಸೋರಿ ಬೋರ್ಡು ತಿಂದಿರುತ್ತವೆ. ಕಂಪನಿಯೂ 2024ರಲ್ಲಿ ತಯಾರಿಕೆ ನಿಲ್ಲಿಸಿತು.

ಹಾಗೆಯೇ ಟೈನಿಎಸ್‌ಎ ಎಂಬ ಚಿಕ್ಕ ಸ್ಪೆಕ್ಟ್ರಮ್ ಅನಲೈಸರ್ ಒಂದಿದ್ದರೆ ಹಾರ್ಮೋನಿಕ್ಸ್ ನೋಡುವ ಕೆಲಸ ಬಹುಮಟ್ಟಿಗೆ ಆಗಿಬಿಡುತ್ತದೆ. ಹಾಗಾದರೆ ಹಳೇ ದೊಡ್ಡ ಪೆಟ್ಟಿಗೆಗಳು ಯಾಕೆ ಬೇಕು? ಶುದ್ಧವಾದ ಸಿಗ್ನಲ್ ಬೇಕಾದಾಗ, ಮೈನಸ್ 130 ಡಿಬಿಎಂನಷ್ಟು (0 ಡಿಬಿಎಂ ಅಂದರೆ 1 ಮಿಲಿವ್ಯಾಟ್, ಪ್ರತಿ 10 ಡಿಬಿಗೆ ಪವರ್ ಹತ್ತು ಪಟ್ಟು ಬದಲಾಗುತ್ತದೆ) ಸಣ್ಣ ಮಟ್ಟವನ್ನು ನಂಬಿಕೆಯಿಂದ ಕೊಡಬೇಕಾದಾಗ. ಅಲ್ಲಿ 1970–90ರ ದಶಕದ ಲ್ಯಾಬ್ ಉಪಕರಣವನ್ನು ಈ ಅಗ್ಗದ ಸಾಧನಗಳು ಇನ್ನೂ ಮುಟ್ಟಿಲ್ಲ.

ಯಾವುದನ್ನು ಯಾವ ಕ್ರಮದಲ್ಲಿ

ಡಮ್ಮಿ ಲೋಡ್: ಮಲ್ಟಿಮೀಟರ್ ಹಿಡಿದರೆ 50 ಓಮ್ ಆಸುಪಾಸು ತೋರಿಸಬೇಕು. ಎಣ್ಣೆ ತುಂಬಿದ ಹಳೇ ಡಬ್ಬದ ಲೋಡ್ ಸಿಕ್ಕರೆ ಆ ಎಣ್ಣೆಗೆ ಬರಿಗೈ ಹಾಕಬೇಡಿ. ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷವಸ್ತು ಇರುವ ಸಾಧ್ಯತೆ ಇದೆ. ದೊಡ್ಡ ಪವರ್‌ನ ಆರ್‌ಎಫ್ ರೆಸಿಸ್ಟರ್ ಒಡೆದಿದ್ದರೆ ಕೆರೆಯಲು, ಉಜ್ಜಲು ಹೋಗಬೇಡಿ. ಒಳಗಿನ ಬಿಳಿ ಸೆರಾಮಿಕ್ ಬೆರಿಲಿಯಂ ಆಕ್ಸೈಡ್ ಆಗಿರಬಹುದು, ಅದರ ಪುಡಿ ಶ್ವಾಸಕೋಶಕ್ಕೆ ಅಪಾಯ.

ವ್ಯಾಟ್ ಮೀಟರ್: ಬರ್ಡ್ 43 ಸಿಕ್ಕರೆ ಬಿಡಬೇಡಿ. ಅದರಲ್ಲಿ ಬ್ಯಾಂಡ್ ಮತ್ತು ಪವರ್‌ಗೆ ತಕ್ಕಂತೆ ಎಲಿಮೆಂಟ್ ಬದಲಿಸಬೇಕು. 100ಎಚ್ ಅಂದರೆ 2ರಿಂದ 30 ಮೆಗಾಹರ್ಟ್ಸ್, 100 ವ್ಯಾಟ್. ಮೀಟರ್ ಅಗ್ಗ ಸಿಕ್ಕಿತು ಅಂತ ಖುಷಿಪಡುವ ಮೊದಲು ಜೊತೆಗೆ ಯಾವ ಎಲಿಮೆಂಟ್ ಇದೆ ನೋಡಿ. ಎಲಿಮೆಂಟ್ ಬೇರೆಯಾಗಿ ಕೊಳ್ಳಲು ಹೋದರೆ ಅದೇ ದೊಡ್ಡ ಖರ್ಚು. ಇನ್ನೊಂದು ವಿಷಯ: ಅದರ ನಿಖರತೆ ಫುಲ್ ಸ್ಕೇಲ್‌ನ ಶೇ. 5. ಅಂದರೆ 100 ವ್ಯಾಟ್ ಎಲಿಮೆಂಟ್‌ನಲ್ಲಿ 10 ವ್ಯಾಟ್ ಓದಿದರೆ ನಿಜ 5ರಿಂದ 15ರ ನಡುವೆ ಎಲ್ಲಾದರೂ ಇರಬಹುದು. ಕ್ಯೂಆರ್‌ಪಿ (ತೀರಾ ಕಡಿಮೆ ಪವರ್‌ನ ಪ್ರಸಾರ) ಮಾಡುವವರು ಚಿಕ್ಕ ಎಲಿಮೆಂಟೇ ಹುಡುಕಬೇಕು.

ಅಟೆನ್ಯುಯೇಟರ್: 30 ಡಿಬಿಯ ದೊಡ್ಡದೊಂದು, 10 ಮತ್ತು 20 ಡಿಬಿಯ ಚಿಕ್ಕವು ಒಂದೆರಡು. ಇದನ್ನು ಅಂಗಡಿಯಲ್ಲೇ ಮಲ್ಟಿಮೀಟರ್‌ನಿಂದ ಪರೀಕ್ಷಿಸಬಹುದು. ಒಂದು ತುದಿ ತೆರೆದಿಟ್ಟು ಇನ್ನೊಂದು ತುದಿಯ ನಡುಪಿನ್ನಿಗೂ ಹೊರಕವಚಕ್ಕೂ ಓಮ್ ನೋಡಿ. 50 ಓಮ್‌ನ 3 ಡಿಬಿ ಪ್ಯಾಡ್ (ಚಿಕ್ಕ ಅಟೆನ್ಯುಯೇಟರ್) ಸುಮಾರು 150 ತೋರಿಸಬೇಕು, 6 ಡಿಬಿ 84, 10 ಡಿಬಿ 61, 20 ಡಿಬಿ 51, 30 ಡಿಬಿ ಸರಿಸುಮಾರು 50. ಎರಡೂ ಕಡೆಯಿಂದ ಒಂದೇ ಬರಬೇಕು. ಒಂದು ಕಡೆ 51, ಇನ್ನೊಂದು ಕಡೆ 90 ಬಂದರೆ ಆ ಕಡೆಯಿಂದ ಯಾರೋ ಸುಟ್ಟಿದ್ದಾರೆ ಅಂತಲೇ ಅರ್ಥ. ಮೀಟರ್ ಏನೂ ತೋರಿಸದೆ ಓಪನ್ ಅಂದರೆ ಒಳಗೆ ಡಿಸಿ ತಡೆಯುವ ಕೆಪಾಸಿಟರ್ ಇರಬಹುದು, ಆಗ ಈ ಪರೀಕ್ಷೆ ನಡೆಯಲ್ಲ.

ಸ್ಕೋಪ್: ಕಾಲೇಜು ಲ್ಯಾಬ್‌ಗಳಿಂದ ಹೊರಬೀಳುವ 20 ಮೆಗಾಹರ್ಟ್ಸ್ ಸ್ಕೋಪ್‌ಗಳು ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ. ಆಡಿಯೋ, ಪವರ್ ಸಪ್ಲೈ, 7 ಮೆಗಾಹರ್ಟ್ಸ್‌ವರೆಗಿನ ಕೆಲಸಕ್ಕೆ ಸಾಕು. ಆದರೆ 20 ಮೆಗಾಹರ್ಟ್ಸ್ ಅಂತ ಬರೆದಿದ್ದರೆ ಆ ಫ್ರೀಕ್ವೆನ್ಸಿಯಲ್ಲಿ ಅದು ಶೇ. 30ರಷ್ಟು ಕಡಿಮೆ ತೋರಿಸುತ್ತದೆ. ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಪೂರ್ತಿ ನಂಬಿ ಅಳೆಯಬೇಕಾದರೆ 100 ಮೆಗಾಹರ್ಟ್ಸ್‌ನದು ಬೇಕು. ಟೆಕ್‌ಟ್ರಾನಿಕ್ಸ್ 465 ಈ ವರ್ಗದ ಹಳೇ ಹುಲಿ. ಅದರಲ್ಲಿ ಶಾರ್ಟ್ ಆಗುವ ಟ್ಯಾಂಟಲಮ್ ಕೆಪಾಸಿಟರ್‌ಗಳನ್ನು ಬದಲಿಸುವುದು ಕಷ್ಟವೇನಲ್ಲ. ಆದರೆ 2465ರಂಥ ನಂತರದ ಮಾದರಿಗಳಲ್ಲಿ ಆ ಕಂಪನಿಯೇ ಮಾಡಿದ ವಿಶೇಷ ಚಿಪ್‌ಗಳಿವೆ. ಅವು ಹೋದರೆ ಇನ್ನೊಂದು ಕೆಟ್ಟ ಸ್ಕೋಪ್ ಹುಡುಕಿ ಕೀಳಬೇಕು, ಅಷ್ಟೇ.

ಸಿಗ್ನಲ್ ಜನರೇಟರ್: ಎಚ್‌ಪಿ 8640ಬಿ ಹ್ಯಾಮ್‌ಗಳ ಅಚ್ಚುಮೆಚ್ಚು. 0.5ರಿಂದ 512 ಮೆಗಾಹರ್ಟ್ಸ್, ಕ್ಯಾವಿಟಿ ಆಸಿಲೇಟರ್ ಇರುವುದರಿಂದ ಫೇಸ್ ನಾಯ್ಸ್ (ಸಿಗ್ನಲ್ ಸುತ್ತ ಹರಡುವ ಗದ್ದಲ) ತುಂಬ ಕಡಿಮೆ. ಸುಮಾರು 20 ಕಿಲೋ ತೂಗುತ್ತದೆ, ಮೇಜು ಗಟ್ಟಿ ಇರಲಿ. ಒಳಗಿನ ಪ್ಲಾಸ್ಟಿಕ್ ಗೇರ್‌ಗಳು ವಯಸ್ಸಾಗಿ ಸೀಳುತ್ತವೆ. ಬ್ಯಾಂಡ್ ಬದಲಿಸುವ ಗುಂಡಿ ತಿರುಗಿಸಿದಾಗ ಸುಮ್ನೆ ಜಾರಿದರೆ ಅದೇ ಕಾಯಿಲೆ. ಹಿತ್ತಾಳೆ ಗೇರ್ ಹಾಕಿ ಸರಿಪಡಿಸಿದವರು ಬೇಕಾದಷ್ಟು ಜನ ಇದ್ದಾರೆ, ಬೆಲೆ ಇಳಿಸಲು ನಿಮಗೂ ಒಂದು ಕಾರಣ ಸಿಕ್ಕಿತು. ಆಪ್ಷನ್ 003 ಅಂತ ಇದ್ದರೆ ಔಟ್‌ಪುಟ್‌ಗೆ ಉಲ್ಟಾ ಪವರ್ ಬಂದಾಗ ಕಾಪಾಡುವ ವ್ಯವಸ್ಥೆ ಇದೆ. ಅಂಥದ್ದಕ್ಕೆ ನಾಲ್ಕು ಕಾಸು ಜಾಸ್ತಿ ಕೊಡಬಹುದು.

ಎಲ್ಲಿ ಹುಡುಕುವುದು

ಈ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. ಟೆಲಿಫೋನ್ ಕಾರ್ಖಾನೆ ಐಟಿಐ 1948ರಲ್ಲಿ, ರಕ್ಷಣಾ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ 1954ರಲ್ಲಿ ಶುರುವಾದ ಊರು ಇದು. ಕಾರ್ಖಾನೆ, ಸಂಶೋಧನಾ ಲ್ಯಾಬ್, ಎಂಜಿನಿಯರಿಂಗ್ ಕಾಲೇಜು ಅಂತ ಇಷ್ಟೊಂದು ಇರುವ ಕಡೆ ಹಳೇ ಉಪಕರಣ ಹರಾಜಿಗೆ ಬರುತ್ತಲೇ ಇರುತ್ತದೆ. ಅದು ಗುಜರಿಯವರ ಕೈ ದಾಟಿ ಎಸ್‌.ಪಿ. ರೋಡಿನ ಒಳಗಲ್ಲಿಗಳಿಗೆ, ಭಾನುವಾರದ ಸಂಡೇ ಬಜಾರಿಗೆ ಬರುತ್ತದೆ. ಸರ್ಕಾರಿ ಸಂಸ್ಥೆಗಳ ಸಾಮಾನು ಎಂಎಸ್‌ಟಿಸಿ ಆನ್‌ಲೈನ್ ಹರಾಜಿನಲ್ಲಿ ಬರುವುದೂ ಉಂಟು. ಆದರೆ ಅಲ್ಲಿ ಒಂದೊಂದೇ ಬಿಡಿಯಾಗಿ ಕೊಡುವುದು ಕಡಿಮೆ, ಲಾಟ್ ಪೂರ್ತಿ ಎತ್ತಬೇಕು. ನಾಲ್ಕು ಹ್ಯಾಮ್‌ಗಳು ಸೇರಿದರೆ ಲೆಕ್ಕ ಕೂಡುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಮೂಲ ಇನ್ನೊಬ್ಬ ಹ್ಯಾಮ್. ಸೈಲೆಂಟ್ ಕೀ ಆದ (ತೀರಿಕೊಂಡ) ಹಿರಿಯರ ಮನೆಯವರು ಶ್ಯಾಕ್ (ರೇಡಿಯೋ ಕೋಣೆ) ಖಾಲಿ ಮಾಡುವಾಗ ಕ್ಲಬ್‌ಗೆ ತಿಳಿಸುತ್ತಾರೆ. ಅಲ್ಲಿ ಚೌಕಾಸಿ ಬೇಡ. ಅವರಿಗೆ ಬೆಲೆ ಗೊತ್ತಿಲ್ಲ ಅಂತಾದರೆ ನ್ಯಾಯವಾದ ಬೆಲೆ ನೀವೇ ಹೇಳಿ.

ಅಮೆರಿಕದಲ್ಲಿರುವ ಕನ್ನಡಿಗ ಹ್ಯಾಮ್‌ಗಳಿಗೆ ಡೇಟನ್ ಹ್ಯಾಮ್‌ವೆನ್ಷನ್ ಇದೆ. 2017ರಿಂದ ಅದು ಓಹಾಯೋದ ಝೀನಿಯಾದಲ್ಲಿ, ಮೇ ತಿಂಗಳಲ್ಲಿ ನಡೆಯುತ್ತದೆ, ಬಯಲಿನ ಸಂತೆಯಲ್ಲಿ ಟೆಸ್ಟ್ ಉಪಕರಣವೇ ರಾಶಿ. ಅಲ್ಲಿಂದ ಊರಿಗೆ ತರುವ ಯೋಚನೆ ಇದ್ದರೆ ಹಿಂಬದಿಯಲ್ಲಿ 220/240 ವೋಲ್ಟ್ ಆಯ್ಕೆ ಇದೆಯಾ ನೋಡಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಭಾರದ ಪೆಟ್ಟಿಗೆಗೆ ಇವೆರಡೇ ಸಾಮಾನಿನ ಬೆಲೆಯನ್ನು ದಾಟಿಬಿಡಬಹುದು. "ಪರೀಕ್ಷಿಸಿಲ್ಲ, ಇದ್ದಂತೆ ಮಾರಾಟ" ಅಂತ ಹಾಕಿದ್ದರೆ ಕೆಟ್ಟಿದೆ ಅಂತಲೇ ಓದಿಕೊಳ್ಳಿ.

ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ

"ವರ್ಕಿಂಗ್ ಕಂಡಿಶನ್ ಸಾರ್, ನೋಡಿ ಲೈಟ್ ಬರ್ತಾ ಇದೆ" ಅಂತಾರೆ. ಲೈಟ್ ಬಂದರೆ ಪವರ್ ಸಪ್ಲೈ ಅರ್ಧ ಚೆನ್ನಾಗಿದೆ ಅಂತ, ಅಷ್ಟೇ. ಒಂದು ಚೀಲದಲ್ಲಿ ಇವನ್ನು ಒಯ್ಯಿರಿ: ಮಲ್ಟಿಮೀಟರ್, ಟಾರ್ಚ್, ಟೈನಿಎಸ್‌ಎ, ಗೊತ್ತಿರುವ ಒಳ್ಳೆಯ ಬಿಎನ್‌ಸಿ ಕೇಬಲ್ ಎರಡು, ಎನ್, ಬಿಎನ್‌ಸಿ, ಎಸ್‌ಎಂಎ ನಡುವಿನ ಅಡಾಪ್ಟರ್‌ಗಳು.

ಮೊದಲು ಮೂಗು ಮತ್ತು ಕಣ್ಣು. ಗಾಳಿ ಕಿಂಡಿಯ ಹತ್ತಿರ ಸುಟ್ಟ ವಾಸನೆ ಇದೆಯಾ? ಸ್ಕ್ರೂಗಳ ತಲೆ ಸವೆದಿದೆಯಾ, ಕೆಲವು ಮಾಯವಾಗಿವೆಯಾ? ಸ್ಕ್ರೂ ಇಲ್ಲ ಅಂದರೆ ಒಳಗಿನ ಬೋರ್ಡೂ ಇಲ್ಲದಿರಬಹುದು. ಎನ್ ಸಾಕೆಟ್‌ನ ನಡುಪಿನ್ ಟಾರ್ಚ್ ಹಾಕಿ ನೋಡಿ. ಬೆರಳುಗಳಂತಿರುವ ಸೀಳುಗಳು ಅಗಲವಾಗಿದ್ದರೆ 75 ಓಮ್ ಸಾಕೆಟ್‌ಗೆ 50 ಓಮ್‌ನ ದಪ್ಪ ಪಿನ್ ತುರುಕಿರಬಹುದು.

ಸ್ಪೆಕ್ಟ್ರಮ್ ಅನಲೈಸರ್ ಪರೀಕ್ಷೆಗೆ ಬೇರೆ ಉಪಕರಣ ಬೇಕಾಗಿಯೇ ಇಲ್ಲ. ಬಹಳಷ್ಟರಲ್ಲಿ ಮುಂದೆಯೇ ಕ್ಯಾಲ್ ಔಟ್ ಎಂಬ ಸಾಕೆಟ್ ಇರುತ್ತದೆ. ಎಚ್‌ಪಿ 8590 ಸರಣಿಯಲ್ಲಿ ಅದು 300 ಮೆಗಾಹರ್ಟ್ಸ್, ಮೈನಸ್ 20 ಡಿಬಿಎಂ. ಅಲ್ಲಿಂದ ಇನ್‌ಪುಟ್‌ಗೆ ಕೇಬಲ್ ಹಾಕಿ. ಪರದೆಯ ಮೇಲೆ ಮೈನಸ್ 20ರ ಹತ್ತಿರ ಗೆರೆ ಏಳಬೇಕು. ಮೈನಸ್ 45, 50 ಅಂತ ಬಂದರೆ ಮೊದಲ ಮಿಕ್ಸರ್ ಅಥವಾ ಅಟೆನ್ಯುಯೇಟರ್ ಹೋಗಿದೆ ಅಂತ ಅನುಮಾನಿಸಿ. ಆಮೇಲೆ ಒಳಗಿನ ಅಟೆನ್ಯುಯೇಟರನ್ನು 10 ಡಿಬಿಯಂತೆ ಏರಿಸುತ್ತ ಹೋಗಿ. ಗೆರೆಯ ಎತ್ತರ ಅಲ್ಲೇ ಇರಬೇಕು, ಕೆಳಗಿನ ನಾಯ್ಸ್ ಮಾತ್ರ ಮೇಲೇಳಬೇಕು. ಯಾವುದೋ ಒಂದು ಹೆಜ್ಜೆಯಲ್ಲಿ ಗೆರೆ ಜಿಗಿದರೆ ಆ ಪ್ಯಾಡ್ ಸುಟ್ಟಿದೆ ಅಥವಾ ಅದರ ಕಾಂಟ್ಯಾಕ್ಟ್ ಕೆಟ್ಟಿದೆ.

ಈ ಸರಣಿಯ ಕ್ಯಾಲಿಬ್ರೇಷನ್ ಅಂಕಿಗಳು ಒಳಗಿನ ಬ್ಯಾಟರಿಯ ಬಲದ ಮೇಲೆ ನಿಂತಿರುತ್ತವೆ. ಬ್ಯಾಟರಿ ಎಷ್ಟು ಹಳೆಯದು ಅಂತ ಕೇಳಿ. ಮಾರುವವರಿಗೆ ಬ್ಯಾಟರಿ ಇರುವುದೇ ಗೊತ್ತಿಲ್ಲದಿದ್ದರೆ ಅದೂ ಒಂದು ಉತ್ತರವೇ.

ಜನರೇಟರ್ ಆದರೆ ಟೈನಿಎಸ್‌ಎಗೆ ಜೋಡಿಸಿ. 0 ಡಿಬಿಎಂನಿಂದ ಮೈನಸ್ 70ರವರೆಗೆ ಹತ್ತು ಹತ್ತು ಇಳಿಸಿ. ಪ್ರತಿ ಹೆಜ್ಜೆಯೂ ಹತ್ತರ ಹತ್ತಿರವೇ ಇರಬೇಕು. ಒಂದೇ ಹೆಜ್ಜೆಯಲ್ಲಿ 4 ಅಥವಾ 25 ಆದರೆ ಕೈ ಮುಗಿದು ಹೊರಡಿ.

ಸ್ಕೋಪ್‌ಗೆ ಅದರದೇ 1 ಕಿಲೋಹರ್ಟ್ಸ್ ಚೌಕ ಅಲೆಯ ಔಟ್‌ಪುಟ್ ಸಾಕು. ಎರಡೂ ಚಾನೆಲ್, ಎಲ್ಲ ವೋಲ್ಟ್ಸ್ ಸ್ಥಾನ, ಎಲ್ಲ ಟೈಮ್ ಸ್ಥಾನ ತಿರುಗಿಸಿ ನೋಡಿ. ಗುಂಡಿ ಅಲುಗಾಡಿಸಿದಾಗ ಗೆರೆ ಮಾಯವಾಗಿ ಬಂದರೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಸರಿಹೋಗಬಹುದು. ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಮಂಕಾಗಿದ್ದರೆ ಟ್ಯೂಬಿನ ಆಯಸ್ಸು ಮುಗಿದಿದೆ. ಅರ್ಧ ಗಂಟೆ ಓಡಿಸಲು ಬಿಡದ ಅಂಗಡಿಯಲ್ಲಿ ದೊಡ್ಡ ಮೊತ್ತ ಕೊಡಬೇಡಿ. ಬಿಸಿಯಾದ ಮೇಲೆ ಕಾಣಿಸಿಕೊಳ್ಳುವ ದೋಷಗಳೇ ಜಾಸ್ತಿ ಕಾಡುವುದು.

ಮನೆಯಲ್ಲಿ ಮೊದಲ ಸಲ ಕರೆಂಟ್ ಕೊಡುವಾಗ

ಅಂಗಡಿಯಲ್ಲಿ ಆನ್ ಆಗದೆ, ವರ್ಷಗಟ್ಟಲೆ ಧೂಳು ಹಿಡಿದು ಕೂತಿದ್ದ ಪೆಟ್ಟಿಗೆಯಾದರೆ ನೇರ ಪ್ಲಗ್‌ಗೆ ಚುಚ್ಚಬೇಡಿ.

1. ಹಿಂಬದಿಯ ವೋಲ್ಟೇಜ್ ಆಯ್ಕೆ ನೋಡಿ. 220, 240 ಎರಡೂ ಇದ್ದರೆ 240ರಲ್ಲಿಡಿ. 120ರಲ್ಲಿದ್ದರೆ ಬದಲಿಸುವಾಗ ಫ್ಯೂಸ್ ಕೂಡ ಬದಲಿಸಬೇಕು, 240ಕ್ಕೆ ಅರ್ಧದಷ್ಟು ಆಂಪಿಯರ್ ಸಾಕು.

2. ಮುಚ್ಚಳ ತೆಗೆದು ಧೂಳು ಒರೆಸಿ. ಬೋರ್ಡಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ ಬ್ಯಾಟರಿ ಇದ್ದರೆ ಮೊದಲು ಕಿತ್ತು ಹಾಕಿ. ಆದರೆ ಕ್ಯಾಲಿಬ್ರೇಷನ್ ಕಾಯುವ ಬ್ಯಾಟರಿಯನ್ನು ಮ್ಯಾನುಯಲ್ ಓದದೆ ಮುಟ್ಟಬೇಡಿ.

3. ಮೇನ್ಸ್ ಒಳಬರುವಲ್ಲಿ ಪಾರದರ್ಶಕ ಹಳದಿ ಕವಚದ ರೀಫಾ ಕೆಪಾಸಿಟರ್ ಇದ್ದು, ಕವಚ ಬಿರುಕು ಬಿಟ್ಟಿದ್ದರೆ ಬದಲಿಸಿಬಿಡಿ. ತೇವ ಒಳಗೆ ಹೋಗಿ ಅವು ಇದ್ದಕ್ಕಿದ್ದಂತೆ ಸಿಡಿಯುತ್ತವೆ. ಕೋಣೆ ತುಂಬ ದಟ್ಟ ಹೊಗೆ, ಎರಡು ದಿನ ಮನೆಯವರ ಬೈಗುಳ. ಹೊಸದು ಎಕ್ಸ್2 ದರ್ಜೆಯದೇ ಇರಲಿ, ಫೇಸ್ ಅಥವಾ ನ್ಯೂಟ್ರಲ್‌ನಿಂದ ಅರ್ತ್‌ಗೆ ಹೋಗುವ ಜಾಗದಲ್ಲಿ ವೈ ದರ್ಜೆಯದು.

4. ಟಿವಿ ಮೆಕ್ಯಾನಿಕ್‌ಗಳ ಸೀರೀಸ್ ಲ್ಯಾಂಪ್ ಬೋರ್ಡ್ ಇಲ್ಲಿ ಬಹಳ ಉಪಯೋಗ. 60 ಅಥವಾ 100 ವ್ಯಾಟ್ ಫಿಲಮೆಂಟ್ ಬಲ್ಬಿನ ಮೂಲಕ ಕರೆಂಟ್ ಕೊಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ.

5. ಟ್ರಾನ್ಸ್‌ಫಾರ್ಮರ್ ಇರುವ ಮಾದರಿಯಾದರೆ ಡಿಮ್ಮರ್‌ಸ್ಟಾಟ್ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಇಟ್ಟು ಒಂದೆರಡು ಗಂಟೆ ನಿಧಾನವಾಗಿ ವೋಲ್ಟೇಜ್ ಏರಿಸಿದರೆ ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಚೇತರಿಸಿಕೊಳ್ಳುತ್ತವೆ. ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಇರುವುದಕ್ಕೆ ಈ ಕ್ರಮ ಬೇಡ. ಕಡಿಮೆ ವೋಲ್ಟೇಜಿನಲ್ಲಿ ಅದು ಜಾಸ್ತಿ ಕರೆಂಟ್ ಎಳೆದು ಕೆಡಬಹುದು. ಡಿಮ್ಮರ್‌ಸ್ಟಾಟ್ ಮೇನ್ಸ್‌ನಿಂದ ನಿಮ್ಮನ್ನು ಬೇರೆ ಮಾಡುವುದಿಲ್ಲ ಅನ್ನುವುದೂ ನೆನಪಿರಲಿ. ಕಡಿಮೆ ವೋಲ್ಟ್ ಇದೆ ಅಂತ ಮುಟ್ಟಿದರೂ ಶಾಕ್ ಹೊಡೆಯುತ್ತದೆ.

6. ಗೋಡೆಯ ಸಾಕೆಟ್‌ನಲ್ಲಿ ಅರ್ತ್ ನಿಜವಾಗಿ ಇದೆಯಾ ನೋಡಿ. ಫೇಸ್ ಮತ್ತು ಅರ್ತ್ ನಡುವೆ ಸುಮಾರು 230, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಬರಬೇಕು. ಸ್ಕೋಪಿನ ಅರ್ತ್ ಪಿನ್ ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ.

ತೋರಿಸುತ್ತಿರುವುದು ನಿಜವೇ?

ಕ್ಯಾಲಿಬ್ರೇಷನ್ ಲ್ಯಾಬಿಗೆ ಕಳಿಸುವ ಖರ್ಚು ಉಪಕರಣಕ್ಕಿಂತ ಜಾಸ್ತಿ ಆಗಬಹುದು. ನಮಗೆ ಅಷ್ಟು ಬೇಡ. ಫ್ರೀಕ್ವೆನ್ಸಿಗೆ ಜಿಪಿಎಸ್‌ಗೆ ಕಟ್ಟಿದ 10 ಮೆಗಾಹರ್ಟ್ಸ್ ಆಸಿಲೇಟರ್ ಒಂದು ಸಾಕು. ಕ್ಲಬ್ಬಿನಲ್ಲಿ ಒಬ್ಬರ ಬಳಿ ಇದ್ದರೆ ಎಲ್ಲರ ಫ್ರೀಕ್ವೆನ್ಸಿ ಕೌಂಟರೂ ಸರಿಯಾಗುತ್ತದೆ. 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು) ತಪ್ಪು ಅಂದರೆ 145 ಮೆಗಾಹರ್ಟ್ಸ್‌ನಲ್ಲಿ 145 ಹರ್ಟ್ಸ್. ಎಫ್‌ಎಂಗೆ ಏನೂ ಅಲ್ಲ, ದುರ್ಬಲ ಸಿಗ್ನಲ್ ಡಿಜಿಟಲ್ ಮೋಡ್‌ಗೆ ಸಮಸ್ಯೆ. ಓವನ್ (ಕ್ರಿಸ್ಟಲನ್ನು ಒಂದೇ ಬಿಸಿಯಲ್ಲಿಡುವ ಡಬ್ಬ) ಇರುವ ಕೌಂಟರ್ ಅಳತೆಗೆ ಮೊದಲು ಅರ್ಧ ಗಂಟೆಯಾದರೂ ಕಾಯಲಿ.

ಪವರ್ ಹೋಲಿಕೆಗೆ ಸ್ಕೋಪೇ ಆಧಾರ. ಡಮ್ಮಿ ಲೋಡಿನ ಮೇಲಿನ ಪೀಕ್ ಟು ಪೀಕ್ ವೋಲ್ಟೇಜಿನ ವರ್ಗವನ್ನು 400ರಿಂದ ಭಾಗಿಸಿದರೆ ವ್ಯಾಟ್. 5 ವ್ಯಾಟ್‌ಗೆ ಸುಮಾರು 45 ವೋಲ್ಟ್, 100 ವ್ಯಾಟ್‌ಗೆ 200. ಪ್ರೋಬ್ ಮೇಲೆ 600 ವೋಲ್ಟ್ ಅಂತ ಬರೆದಿದ್ದರೂ ಅದು ಡಿಸಿಗೆ. ಫ್ರೀಕ್ವೆನ್ಸಿ ಏರಿದಂತೆ ಆ ಮಿತಿ ತೀರಾ ಇಳಿಯುತ್ತದೆ. ಹಾಗಾಗಿ ಈ ಹೋಲಿಕೆಯನ್ನು 5 ವ್ಯಾಟ್‌ನಲ್ಲೇ ಮಾಡಿ.

ಮೊದಲ ಅಳತೆ: ಹಾರ್ಮೋನಿಕ್ಸ್

7.1 ಮೆಗಾಹರ್ಟ್ಸ್, 100 ವ್ಯಾಟ್ ಅಂತಿಟ್ಟುಕೊಳ್ಳಿ. ಅದು 50 ಡಿಬಿಎಂ. ಅನಲೈಸರ್ ಇನ್‌ಪುಟ್‌ಗೆ ಸುಮಾರು 0 ಡಿಬಿಎಂ ಹೋದರೆ ಸಾಕು, ಮಿತಿ ಎಷ್ಟು ಅಂತ ಸಾಕೆಟ್ ಪಕ್ಕದಲ್ಲೇ ಬರೆದಿರುತ್ತದೆ. ನಡುವಿನ 50 ಡಿಬಿ ಇಳಿಸಲು ದುಬಾರಿ ಪವರ್ ಅಟೆನ್ಯುಯೇಟರ್ ಇಲ್ಲದಿದ್ದರೆ ಒಂದು ಟ್ಯಾಪ್ ಮಾಡಿಕೊಳ್ಳಿ. ಲೋಹದ ಚಿಕ್ಕ ಡಬ್ಬದಲ್ಲಿ ರಿಗ್‌ನಿಂದ ಡಮ್ಮಿ ಲೋಡಿಗೆ ನೇರ ತಂತಿ. ಆ ತಂತಿಯಿಂದ 820 ಓಮ್‌ನ ಮೂರು ರೆಸಿಸ್ಟರ್ ಸೀರೀಸ್‌ನಲ್ಲಿ ಬಿಎನ್‌ಸಿ ಸಾಕೆಟ್‌ಗೆ. ಸಾಕೆಟ್ ಆಚೆ 50 ಓಮ್‌ನ ಅನಲೈಸರ್ ಇದ್ದಾಗ ಇದು 34 ಡಿಬಿ ಇಳಿಸುತ್ತದೆ. ಮೂರೂ ಸೇರಿ 2 ವ್ಯಾಟ್ ಬಿಸಿಯಾಗುತ್ತವೆ, ಆದ್ದರಿಂದ ತಲಾ 2 ವ್ಯಾಟಿನವು ಹಾಕಿ. ತಂತಿ ಸುತ್ತಿದ ರೆಸಿಸ್ಟರ್ ಬೇಡ. ಟ್ಯಾಪ್‌ನಿಂದ 16 ಡಿಬಿಎಂ ಬರುತ್ತದೆ, ಜೊತೆಗೆ 20 ಡಿಬಿ ಪ್ಯಾಡ್ ಹಾಕಿದರೆ ಮೈನಸ್ 4. ಈಗ ಅನಲೈಸರ್ ಕ್ಷೇಮ.

ಮೊದಲ ಸಲ ರಿಗ್ 5 ವ್ಯಾಟಿನಲ್ಲಿರಲಿ, ಅನಲೈಸರಿನ ಒಳ ಅಟೆನ್ಯುಯೇಟರ್ 20 ಅಥವಾ 30ರಲ್ಲಿರಲಿ. ಲೆಕ್ಕ ಕೂಡಿದ ಮೇಲೆ ಪವರ್ ಏರಿಸಿ. 14.2 ಮತ್ತು 21.3 ಮೆಗಾಹರ್ಟ್ಸ್‌ನಲ್ಲಿ ಗೆರೆಗಳು ಕಾಣಬಹುದು. ಅಮೆರಿಕದ ಎಫ್‌ಸಿಸಿ ನಿಯಮ 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ಹ್ಯಾಮ್ ಟ್ರಾನ್ಸ್‌ಮಿಟರ್‌ಗೆ ಕನಿಷ್ಠ 43 ಡಿಬಿ ಕೆಳಗೆ ಅನ್ನುತ್ತದೆ. ಹೋಮ್‌ಬ್ರೂ ಮಾಡುವವರಿಗೆ (ರಿಗ್ ತಾವೇ ಕಟ್ಟುವವರಿಗೆ) ಒಳ್ಳೆಯ ಗುರಿ.

ಆ ಗೆರೆ ನಿಮ್ಮ ರಿಗ್‌ನದೋ, ಅನಲೈಸರ್ ತಾನೇ ಹುಟ್ಟಿಸಿದ್ದೋ? ನಡುವೆ ಇನ್ನೊಂದು 10 ಡಿಬಿ ಪ್ಯಾಡ್ ಹಾಕಿ. ಎಲ್ಲ ಗೆರೆಗಳೂ ಹತ್ತೇ ಇಳಿದರೆ ರಿಗ್‌ನದು. ಎರಡನೇ ಹಾರ್ಮೋನಿಕ್ ಇಪ್ಪತ್ತರಷ್ಟು ಇಳಿದರೆ ಅದು ಅನಲೈಸರಿನ ಸೃಷ್ಟಿ, ಪ್ಯಾಡ್ ಅಲ್ಲೇ ಬಿಟ್ಟು ಅಳೆಯಿರಿ.

ಎರಡನೆಯದು: ರಿಸೀವರ್ ಎಷ್ಟು ಸೂಕ್ಷ್ಮ

ಜನರೇಟರ್‌ಗಳು ಸಾಯುವುದು ಇಲ್ಲೇ. ಟ್ರಾನ್ಸೀವರಿಗೆ ಜೋಡಿಸಿರುತ್ತಾರೆ, ಕೈ ತಗಲಿ ಪಿಟಿಟಿ (ಪ್ರಸಾರದ ಗುಂಡಿ) ಒತ್ತಿಬಿಡುತ್ತದೆ. ಮೈಕ್ ಮತ್ತು ಕೀ ಕಿತ್ತಿಡಿ, ವಾಕ್ಸ್ (ದನಿ ಕೇಳಿದರೆ ತಾನೇ ಪ್ರಸಾರ ಶುರು ಮಾಡುವುದು) ಮತ್ತು ಆಟೋ ಟ್ಯೂನರ್ ಆಫ್ ಮಾಡಿ, ಪವರ್ ಕನಿಷ್ಠಕ್ಕೆ ಇಳಿಸಿ. ಇಷ್ಟಾದ ಮೇಲೂ ನಡುವೆ 30 ಡಿಬಿಯ ದೊಡ್ಡ ಪವರ್ ಅಟೆನ್ಯುಯೇಟರ್ ಇರಲಿ, ಅದರ ಭಾರೀ ಪವರ್ ತಡೆಯುವ ತುದಿ ರಿಗ್ ಕಡೆಗೆ. ಓದುವಾಗ ಆ 30 ಕಳೆಯಿರಿ.

ಸಿಡಬ್ಲ್ಯೂ (ಮೋರ್ಸ್) ಮೋಡ್, 500 ಹರ್ಟ್ಸ್ ಫಿಲ್ಟರ್, ಸಾಧ್ಯವಾದರೆ ಎಜಿಸಿ (ಸಿಗ್ನಲ್ ಮಟ್ಟವನ್ನು ತಾನೇ ಸರಿಹೊಂದಿಸುವುದು) ಆಫ್. ಸ್ಪೀಕರ್ ಔಟ್‌ಪುಟ್‌ಗೆ ಎಸಿ ವೋಲ್ಟ್ ಮೀಟರ್. ಜನರೇಟರ್ ಆಫ್ ಇದ್ದಾಗಿನ ನಾಯ್ಸ್ ಬರೆದುಕೊಳ್ಳಿ. ಈಗ ಸಿಗ್ನಲ್ ನಿಧಾನವಾಗಿ ಏರಿಸಿ. ಮೀಟರ್ 1.41 ಪಟ್ಟು ಆದ ಮಟ್ಟವೇ ಕೇಳಬಲ್ಲ ಕನಿಷ್ಠ ಸಿಗ್ನಲ್. ಸಾಮಾನ್ಯ ಎಚ್‌ಎಫ್ ರಿಗ್ ಮೈನಸ್ 130 ಡಿಬಿಎಂ ಆಸುಪಾಸು ಬರುತ್ತದೆ. 500 ಹರ್ಟ್ಸ್‌ಗೆ ಸಿದ್ಧಾಂತದ ಮಿತಿ ಮೈನಸ್ 147. ಅದಕ್ಕಿಂತ ಚೆನ್ನಾಗಿ ಬಂದರೆ ಖುಷಿಪಡಬೇಡಿ, ಜನರೇಟರ್ ಸೋರುತ್ತಿದೆ. ಮೈನಸ್ 120ಕ್ಕೆ ಇಟ್ಟು ಕೇಬಲ್ ಬಿಚ್ಚಿ, ರಿಸೀವರ್ ಇನ್ನೂ ಕೇಳುತ್ತಿದ್ದರೆ ಶೀಲ್ಡ್ ಸ್ಕ್ರೂಗಳನ್ನು ಹುಡುಕಿ.

ಕೆಲವು ಹಳೇ ಬ್ರಿಟಿಷ್ ಜನರೇಟರ್‌ಗಳ ಡಯಲ್ ಇಎಂಎಫ್‌ನಲ್ಲಿ ಬರೆದಿರುತ್ತದೆ. ಅಂದರೆ 50 ಓಮ್ ಲೋಡಿನ ಮೇಲೆ ನಿಜವಾಗಿ ಬರುವುದು ಅದರ ಅರ್ಧ ವೋಲ್ಟೇಜ್, 6 ಡಿಬಿ ಕಡಿಮೆ. ಅಳತೆ ಸರಿಯಾಗಿ 6 ಡಿಬಿ ತಪ್ಪಿದಾಗ ಮೊದಲು ಇದನ್ನು ನೋಡಿ.

ಜನರೇಟರ್ ಕೈಯಲ್ಲಿದ್ದಾಗ ಸಿಗ್ನಲ್ ಬಲ ತೋರಿಸುವ ಎಸ್ ಮೀಟರನ್ನೂ ನೋಡಿಬಿಡಿ. ಎಚ್‌ಎಫ್‌ನಲ್ಲಿ ಎಸ್9 ಅಂದರೆ ಮೈನಸ್ 73 ಡಿಬಿಎಂ, 50 ಮೈಕ್ರೋವೋಲ್ಟ್. ಅಲ್ಲಿಂದ ಪ್ರತಿ ಎಸ್‌ಗೆ 6 ಡಿಬಿ ಇಳಿಯಬೇಕು. ಎಸ್5ಕ್ಕಿಂತ ಕೆಳಗೆ ಬಹುತೇಕ ರಿಗ್‌ಗಳು ತಮಗೆ ತೋಚಿದ ಅಂಕಿ ತೋರಿಸುತ್ತವೆ. ನಿಮ್ಮ ರಿಗ್‌ನ ನಿಜವಾದ ಮಟ್ಟಗಳನ್ನು ಚೀಟಿಯಲ್ಲಿ ಬರೆದು ಮೀಟರ್ ಪಕ್ಕ ಅಂಟಿಸಿ. ಇನ್ನು ಊರಿನ ಮಧ್ಯೆ ಇರುವವರಿಗೆ ಜನರೇಟರ್ ಇಲ್ಲದ ಪರೀಕ್ಷೆಯೂ ಇದೆ: 7 ಮೆಗಾಹರ್ಟ್ಸ್‌ನಲ್ಲಿ ಆಂಟೆನಾ ಜೋಡಿಸಿದ ಕೂಡಲೇ ನಾಯ್ಸ್ ಸ್ಪಷ್ಟವಾಗಿ ಏರಿದರೆ ಆ ಬ್ಯಾಂಡ್‌ಗೆ ರಿಸೀವರಿನ ಕಿವಿ ಸಾಕಷ್ಟು ಚುರುಕಾಗಿದೆ. ಪ್ರೀಆಂಪ್ ಹಾಕಿ ಇನ್ನೇನೂ ಸಿಗಲ್ಲ.